ವೈದ್ಯರಿಗೆ ಹೇಳದ ಮಾತು

ನನ್ನ ಬಾಯಿ ಜೋರು ಅಂತ ಸನವಳ್ಳಿಯಲ್ಲಿ ಈಗಲೂ ಹೆಸರಿದೆ. ಪಕ್ಕದವರ ಎಮ್ಮೆ ನಮ್ಮ ಗದ್ದೆಗೆ ನುಗ್ಗಿದರೆ ನಾನು ಬಯ್ಯುವುದು ಊರಾಚೆಗೂ ಕೇಳಿಸುತ್ತದಂತೆ. ಕೇಳಿಸಲಿ, ನನಗೇನು! ಆದರೆ ಈ ಬಾಯಿ ತೆರೆಯಲೇಬೇಕಾಗಿದ್ದ ದಿನ ಒಂದಿತ್ತು. ಆ ದಿನ ತೆರೆಯಲಿಲ್ಲ.

ಹತ್ತೊಂಬತ್ತುನೂರ ಅರವತ್ತರ ಆಚೀಚೆಯ ಮಾತು. ಮದುವೆಯಾಗಿ ಎರಡು ವರ್ಷವಾಗಿತ್ತು. ನಾನು ಬರುವ ಮೊದಲೇ ಮಾವ ತೀರಿಕೊಂಡಿದ್ದರು. ಗಂಡ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಬಂಗೂರನಗರದ ಒಂದು ಖೋಲಿಯಲ್ಲಿ ಇನ್ನಿಬ್ಬರ ಜೊತೆ ಇದ್ದರು. ತಿಂಗಳಿಗೊಮ್ಮೆ ಬಂದರೆ ಬಂದರು. ಮನೆಯಲ್ಲಿ ನಾನು, ಅತ್ತೆ, ಎರಡು ಎಮ್ಮೆ. ಅತ್ತೆ ಮಗಳಂತೆ ನೋಡಿಕೊಂಡರು ಅಂದರೆ ಸುಳ್ಳಾಗುತ್ತದೆ. ಬೆಳಗಾದರೆ ಬೈಗಳೇ. ಆದರೆ ಮೊದಲ ಬಿಸಿ ರೊಟ್ಟಿ ಬೀಳುತ್ತಿದ್ದುದು ನನ್ನ ತಾಟಿಗೆ.

ಆ ಮಳೆಗಾಲದಲ್ಲಿ ಅತ್ತೆ ಸೊರಗತೊಡಗಿದರು. ಕೊಡ ಎತ್ತಿದರೆ ಏದುಸಿರು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ. "ವಯಸ್ಸಾತಲ್ಲವಾ" ಅನ್ನುತ್ತಿದ್ದರು. ಐವತ್ತೈದೂ ತುಂಬಿರಲಿಲ್ಲ, ಎಂಥ ವಯಸ್ಸು? ಸಂತೆಯ ದಿನ ಹಟ ಹಿಡಿದು ಮುಂಡಗೋಡಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಅವರನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

ಅಜ್ಜಾರದ್ದು ಒಂದು ಪದ್ಧತಿ. ರೋಗಿಯನ್ನು ಪಡಸಾಲೆಯಲ್ಲಿ ಕೂಡಿಸಿ, ಜೊತೆಗೆ ಬಂದವರನ್ನು ಮೊದಲು ಒಳಗೆ ಕರೆಯುತ್ತಿದ್ದರು. "ರೋಗಿ ನಾಚ್ಕೋತಾನ, ಇಲ್ಲಾ ಮುಚ್ಚಿಡತಾನ. ಅಡಗಿ ಮಾಡಾಕಿಗೆ ಎಲ್ಲಾ ಗೊತ್ತಿರತೈತಿ. ನೀ ಹೇಳವಾ" ಅಂದರು. ಎಷ್ಟು ರೊಟ್ಟಿ ತಿನ್ನುತ್ತಾರೆ, ಹೊಟ್ಟೆ ಹೊತ್ತಿಗೆ ಸರಿಯಾಗಿ ಹೋಗುತ್ತದೆಯೇ, ನಿದ್ದೆ ಹೇಗೆ, ಮಗ ಊರಲ್ಲಿಲ್ಲ ಅಂತ ಕೊರಗುತ್ತಾರೆಯೇ, ಸಿಟ್ಟು ಬರುತ್ತದೆಯೇ ಅಂತ ಕೇಳುತ್ತ ಹೋದರು. ನನಗೆ ನಗು ಬಂತು.

"ಅಜ್ಜಾರ, ತಲಿ ತಿರಗೂದಕ್ಕೂ ಸಿಟ್ಟಿಗೂ ಏನ್ರೀ ಸಂಬಂಧ? ಅವರಿಗೆ ಸಿಟ್ಟು ಬಂದ್ರ ತಲಿ ತಿರಗೂದು ನಂದು!"

ಅವರೂ ನಕ್ಕರು. "ವಾತ, ಪಿತ್ತ, ಕಫ ಅಂತ ಮೂರದಾವ ನೋಡು. ಮೂರು ಕಲ್ಲಿನ ಒಲಿ ಇದ್ದಂಗ. ಒಂದು ಕಲ್ಲು ಸರದ್ರ ಗಡಿಗಿ ವಾಲತೈತಿ. ಯಾವ ಕಲ್ಲು, ಯಾಕ ಸರೀತು ಅಂತ ತಿಳೀಬೇಕು. ಬರೇ ಗಡಿಗಿ ಹಿಡಕೊಂಡು ನಿಂತ್ರ ಕೈ ಸುಡತೈತಿ. ಊಟ, ನಿದ್ದಿ, ಮನಸ್ಸು ನೆಟ್ಟಗಿದ್ರ ಔಷಧ ಯಾಕ ಬೇಕು? ಅವು ಕೆಟ್ರ ಔಷಧ ಒಂದ ಏನು ಮಾಡೀತು?"

ಮನುಷ್ಯನನ್ನು ಹೀಗೆ ಇಡಿಯಾಗಿ ನೋಡುವವರನ್ನು ನಾನು ಅದೇ ಮೊದಲು ಕಂಡದ್ದು. ಮೈಯಲ್ಲಿ ರಕ್ತ ಕಮ್ಮಿಯಾಗಿದೆ ಅಂದು ಕಬ್ಬಿಣದ ಭಸ್ಮ ಕೊಟ್ಟು, ಜೇನಿನಲ್ಲಿ ಕಲಸಿ ನೆಕ್ಕಿಸಲು ಹೇಳಿದರು. ಹಳೆ ಅಕ್ಕಿಯ ಗಂಜಿ, ಹೆಸರುಬೇಳೆ, ದಾಳಿಂಬೆ. ರಾತ್ರಿ ಮೊಸರಿಲ್ಲ, ಹಗಲು ನಿದ್ದೆಯಿಲ್ಲ. ಪಥ್ಯದ ಹೆಸರಿನಲ್ಲಿ ನಾನು ಅತ್ತೆಗೇ ಅತ್ತೆಯಾದೆ. "ಖಾರ ಇಲ್ಲದ್ದು ತಿನಿಸಿ ಕೊಲ್ಲತೀ ಏನ?" ಅನ್ನುತ್ತಲೇ ತಿಂದರು. ಹದಿನೈದು ದಿನಕ್ಕೆ ಮುಖಕ್ಕೆ ಕಳೆ ಬಂತು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆಮೇಲೆ ಮತ್ತೆ ಇಳಿದುಹೋದರು.

ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಅತ್ತೆ ಮರೆಗೆ ಕೂತು ಬಟ್ಟೆ ಒಗೆಯುತ್ತಿದ್ದರು. ನಾನಿರುವಾಗ ಇವರು ಯಾಕೆ ಒಗೆಯಬೇಕು ಅಂತ ಹೋಗಿ ಕಸಿದುಕೊಂಡೆ. ಬರೀ ರಕ್ತ. ಮುಟ್ಟು ನಿಂತು ಏಳೆಂಟು ವರ್ಷವಾಗಿದ್ದ ಹೆಂಗಸು!

"ಅತ್ತೀ, ಯಾವಾಗಿಂದ?"

"ಯುಗಾದಿ ಹಿಂದ ಮುಂದ." ಅತ್ತೆ ಅಳತೊಡಗಿದರು. ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. "ಗಂಡ ಇಲ್ಲದಾಕಿಗೆ ಹಿಂಗಾತಂದ್ರ ಮಂದಿ ಏನ ಅಂದಾರು? ಆ ಗಂಡಸಿನ ಮುಂದ ಹೇಳಿದ್ರ ನಾ ಬಾವಿಗೆ ಬೀಳ್ತೇನಿ. ಮಗನ ಕಿವಿಗೂ ಬೀಳಬಾರದು." ನನ್ನ ಕೈ ಹಿಡಿದು ನನ್ನ ಕೊರಳಿನ ಲಿಂಗದ ಮೇಲೆಯೇ ಇಡಿಸಿದರು. "ಆಣಿ ಮಾಡು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು."

ಮಾಡಿದೆ. ಇಪ್ಪತ್ತು ವರ್ಷದವಳು, ಎದುರಿಗೆ ಅಳುವ ಅತ್ತೆ. ಇನ್ನೇನು ಮಾಡಲಿ?

ಮುಂದಿನ ಸಂತೆಗೆ ಹೋದಾಗ ಅಜ್ಜಾರು ಅತ್ತೆಯ ಎರಡೂ ಕೈಯ ನಾಡಿ ಹಿಡಿದು ನೋಡಿದರು. ಆಮೇಲೆ ನನ್ನೊಬ್ಬಳನ್ನೇ ಒಳಗೆ ಕರೆದರು.

"ತಂಗಿ, ಕೊಡಕ್ಕ ನೀರು ಹಾಕಾಕತ್ತೇನಿ, ತುಂಬವಲ್ದು. ಎಲ್ಲೋ ಸೋರತೈತಿ. ಹೆಣ್ಣಮಕ್ಕಳದ್ದು ಏನರ ಐತೇನು?" ಅಂದು, ನನಗೆ ನಾಚಿಕೆಯಾಗದಿರಲಿ ಅಂತ ಗೋಡೆಯ ಕಡೆ ಮುಖ ತಿರುಗಿಸಿದರು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಅತ್ತೆ ಕೆಮ್ಮಿದರು. ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು.

"ಏನಿಲ್ರಿ ಅಜ್ಜಾರ."

ಅವರು ತಿರುಗಿ ನನ್ನನ್ನು ನೋಡಿದರು. ಮತ್ತೆ ಕೇಳಲಿಲ್ಲ. ಭಸ್ಮದ ಜೊತೆ ಹಸಿವೆಗೆ ಇನ್ನೊಂದು ಚೂರ್ಣ ಕಟ್ಟಿಕೊಟ್ಟರು.

ಅಲ್ಲಿಂದ ಮೂರು ತಿಂಗಳು ಆ ಭಸ್ಮ ನೆಕ್ಕಿಸಿದೆ, ಗಂಜಿ ಕುಡಿಸಿದೆ, ಆ ಬಟ್ಟೆಗಳನ್ನೂ ನಾನೇ ಒಗೆದೆ. ಗಂಡ ಬಂದಾಗ "ಹೆಂಗದಾಳ ಅವ್ವ?" ಅಂದರೆ "ಔಷಧ ನಡದೈತ್ರಿ" ಅಂದೆ. ಅತ್ತೆ ನನ್ನ ಕಣ್ಣೆದುರಿಗೇ ಕರಗುತ್ತಿದ್ದರು.

ಕೊಯ್ಲಿನ ಹೊತ್ತಿಗೆ ಅಂಗಳದಲ್ಲಿ ಕುಸಿದುಬಿದ್ದರು. ಸೀರೆಯೆಲ್ಲ ತೊಯ್ದು ಹೋಗಿತ್ತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಚಕ್ಕಡಿ ಗಾಡಿ ಕಳಿಸಿ ಅಜ್ಜಾರನ್ನು ಕರೆಸಿದೆವು. ಅವರು ನೋಡಿದರು, ಕೈ ತೊಳೆದುಕೊಂಡರು, ನನ್ನ ಹತ್ತಿರ ಬಂದು ನಿಂತರು.

"ಇಷ್ಟು ದಿನ ನಾ ಯಾರಿಗೆ ಔಷಧ ಕೊಟ್ಟೆ ತಂಗಿ?"

"ಮೊದ್ಲ ಹೇಳಿದ್ರ ಉಳೀತಿದ್ರೇನ್ರಿ?"

"ಗೊತ್ತಿಲ್ಲವಾ. ಅವತ್ತ ಹುಬ್ಬಳ್ಳಿಗೆ ಕಳಸ್ತಿದ್ದೆ."

ಹುಬ್ಬಳ್ಳಿಯ ದೊಡ್ಡ ದವಾಖಾನೆಗೂ ಒಯ್ದೆವು. ಗರ್ಭಕೋಶದಲ್ಲಿ ಗಡ್ಡೆ, ಕೈಮೀರಿದೆ, ಮನೆಗೆ ಕರೆದುಕೊಂಡು ಹೋಗಿ ಅಂದರು.

ಕೊನೆಯ ದಿನಗಳಲ್ಲಿ ಓಣಿಯ ಹೆಂಗಸರು ನೋಡಲು ಬರುತ್ತಿದ್ದರು. ನನ್ನ ಅವ್ವನೂ ಬಂದಿದ್ದಳು. ಅತ್ತೆ ಎಲ್ಲರೆದುರಿಗೆ ನನ್ನ ಕೈ ಹಿಡಿದುಕೊಂಡರು. ದನಿ ಇಳಿದಿತ್ತು, ಆದರೂ ಎಲ್ಲರಿಗೂ ಕೇಳಿಸಿತು.

"ಬಂಗಾರದಂಥಾಕಿ ನನ್ನ ಸೊಸಿ. ಕೊಟ್ಟ ಮಾತು ಮುರೀಲಿಲ್ಲ."

ಅವ್ವನ ಮುಖ ಹಿಗ್ಗಿತು. ನಾನು ಎದ್ದು, ಬಂದವರಿಗೆ ಚಾಕ್ಕೆ ನೀರಿಟ್ಟೆ.