ತುಳಸಿಕಟ್ಟೆಯ ಕೆಳಗಿನ ಮುಚ್ಚಳ

ಆಗ ನನಗೆ ಐವತ್ತೆಂಟು. ಇದಾಗಿ ಹನ್ನೊಂದು ವರ್ಷವಾಯಿತು. ಪಕ್ಕದ ಮನೆಯ ಜಯಮ್ಮನ ಮೆಸ್ಸಿನೊಳಗೆ ಕಕ್ಕಸಿನ ನೀರು ಉಕ್ಕಿ ಅವಳ ಬದುಕು ಎದ್ದುಹೋಯಿತಲ್ಲ — ಅದು ಅವಳ ತಪ್ಪಲ್ಲ, ನನ್ನದು. ಗೊತ್ತಿಲ್ಲದೆ ಆದದ್ದೂ ಅಲ್ಲ. ಗೊತ್ತಿದ್ದೇ ಸುಳ್ಳು ಹೇಳಿದೆ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ನಯ ಮಾಡಿ ಹೇಳುವುದು ಮೊದಲೇ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಮನೆ ಚನ್ನರಾಯಪಟ್ಟಣದಲ್ಲಿ, ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಗಲ್ಲಿಯಲ್ಲಿ. ಗಂಡ ತೀರಿಕೊಂಡ ಮೇಲೆ ಅಕ್ಕಿ ಸಂಡಿಗೆ, ಹಪ್ಪಳ ಮಾಡಿ ಮಾರುತ್ತಿದ್ದೆ. ಬೆಳಗೊಳದ ಅಂಗಡಿಯವನೊಬ್ಬ ಮನೆಗೇ ಬಂದು ಒಯ್ಯುತ್ತಿದ್ದ. ಸಂಡಿಗೆ ಒಣಗುವುದು ಅಂಗಳದಲ್ಲಿ. ಆ ಅಂಗಳದಲ್ಲೇ ಒಳಚರಂಡಿ ಗುಂಡಿಯ, ಅಂದರೆ ಚೇಂಬರಿನ, ಮುಚ್ಚಳವೂ ಇತ್ತು. ನಮ್ಮ ಮನೆಯ ಪೈಪು, ಪಕ್ಕದ ಮನೆಯ ಪೈಪು ಎರಡೂ ಆ ಗುಂಡಿಗೆ ಬಂದು ಸೇರಿ, ಅಲ್ಲಿಂದ ಬೀದಿಯ ದೊಡ್ಡ ಪೈಪಿಗೆ ಹೋಗುತ್ತಿದ್ದವು. ಮನೆ ಕಟ್ಟಿಸುವಾಗ ನನ್ನ ಗಂಡನೂ ಪಕ್ಕದ ಯಜಮಾನನೂ ಮಾತಾಡಿಕೊಂಡು ಮಾಡಿದ ಏರ್ಪಾಡು ಅದು. ಇಬ್ಬರೂ ಹೋದರು. ಪಕ್ಕದವನ ಮಗ ಹಾಸನದಲ್ಲಿ ನೆಲೆಸಿ, ಇಲ್ಲಿನ ಮನೆಯನ್ನು ಬಾಡಿಗೆಗೆ ಬಿಟ್ಟ. ಗುಂಡಿ ಎಲ್ಲಿದೆ ಎಂದು ತಿಳಿದವಳು ನಾನೊಬ್ಬಳೇ ಉಳಿದೆ.

ಕಟ್ಟಿಕೊಂಡಾಗಲೆಲ್ಲ ಮುಚ್ಚಳ ತೆಗೆಸಬೇಕು. ಹೊಲಸನ್ನೆಲ್ಲ ಎತ್ತಿ ನನ್ನ ಅಂಗಳದಲ್ಲೇ ಗುಡ್ಡೆ ಹಾಕುತ್ತಾರೆ. ಒಂದು ಬೇಸಗೆ ಹಾಗೆ ತೆಗೆಸುತ್ತಿರುವಾಗಲೇ ಬೆಳಗೊಳದ ಅಂಗಡಿಯವನು ಬಂದ. ಮೂಗಿಗೆ ಟವಲು ಹಿಡಿದುಕೊಂಡು, ಬಿಸಿಲಿಗೆ ಹರವಿದ್ದ ಸಂಡಿಗೆಯನ್ನು ನೋಡಿ, ಏನೂ ಒಯ್ಯದೆ ಹೊರಟುಹೋದ. ಅವತ್ತೇ ತೀರ್ಮಾನ ಮಾಡಿದೆ. ಮೊಸಳೆ ಅನ್ನುವ ಊರಿನ ಕಡೆಯ ಒಬ್ಬ ಗಾರೆಯವನನ್ನು ಕರೆಸಿ, ಮುಚ್ಚಳದ ಮೇಲೆ ತುಳಸಿಕಟ್ಟೆ ಕಟ್ಟು ಎಂದೆ.

"ಬ್ಯಾಡ ಕಣವ್ವ," ಎಂದ ಅವನು. "ನಾಳೆ ಕಟ್ಕಂಡ್ರೆ ಎಲ್ಲಿಂದ ತೆಗ್ಸೀಯಾ? ತುಳಸವ್ವನ್ನ ಪಕ್ಕಕ್ಕೆ ಸರಿಯವ್ವ ಅಂತೀಯಾ?"

"ನೀನು ಕಟ್ಟಪ್ಪ. ಬುದ್ಧಿ ಏಳಕ್ಕೆ ಬೇರೆ ಜನ ಅವ್ರೆ."

ಕಟ್ಟಿದ. ನಾನು ಅರಿಶಿನ ಕುಂಕುಮ ಇಟ್ಟು, ಸುತ್ತ ರಂಗೋಲಿ ಬಿಟ್ಟೆ. ಭಕ್ತಿಗೆ ಕಟ್ಟಿಸಿದ್ದಲ್ಲ. ತುಳಸಿಕಟ್ಟೆಗೆ ಯಾರೂ ಹಾರೆ ಹಾಕುವುದಿಲ್ಲ ಎಂದು ಕಟ್ಟಿಸಿದ್ದು. ನನ್ನ ಹೊಲಸಿಗೆ ನಾನು ದೇವರನ್ನು ಕಾವಲಿಗೆ ಕೂರಿಸಿದೆ.

ಅದಾದ ಮೇಲೆ ಜಯಮ್ಮ ಬಾಡಿಗೆಗೆ ಬಂದಳು. ಅರಕಲಗೂಡು ಕಡೆಯವಳು. ಗಂಡ ಬಿಟ್ಟುಹೋಗಿದ್ದ, ಹೈಸ್ಕೂಲಿಗೆ ಹೋಗುವ ಮಗಳಿದ್ದಳು. ಮುಂದಿನ ಕೋಣೆಯಲ್ಲಿ ಮೆಸ್ಸು ಇಟ್ಟಳು. ಬಸ್ಸಿನವರು, ಕಾಯಿ ಮಂಡಿಯ ಹಮಾಲರು, ಕಾಲೇಜಿನ ಹುಡುಗರು — ಮಧ್ಯಾಹ್ನಕ್ಕೆ ಕೂರಲು ಜಾಗವಿರುತ್ತಿರಲಿಲ್ಲ. ಅವಳ ಕೈಯ ಸಾರು ನನ್ನದಕ್ಕಿಂತ ಚೆನ್ನಾಗಿತ್ತು. ಅದು ನನಗೆ ಹಿಡಿಸುತ್ತಿರಲಿಲ್ಲ — ಇದನ್ನೂ ಬರೆದುಬಿಡುತ್ತೇನೆ. ಅವಳು ಮಾತ್ರ ನನ್ನನ್ನು ಬಾಯಿತುಂಬ ಗೌರಕ್ಕ ಅನ್ನುತ್ತಿದ್ದಳು.

ಸಂಡಿಗೆಗೆ ಹಿಟ್ಟು ಕಾಯಿಸಿದ ಕೊಳದಪ್ಪಲೆಯಲ್ಲಿ ತಳಕ್ಕೆ ಹತ್ತಿದ್ದು ಸೇರುಗಟ್ಟಲೆ ಉಳಿಯುತ್ತದೆ. ನಾನು ಅದನ್ನು ತೆಂಗಿನ ನಾರು, ಬೂದಿ ಹಾಕಿ ತಿಕ್ಕಿ, ಎಲ್ಲವನ್ನೂ ಬಚ್ಚಲಿಗೆ ತಳ್ಳುತ್ತಿದ್ದೆ. ಬಚ್ಚಲ ಬಾಯಿಗೆ ಒಂದು ಜಾಲರಿಯೂ ಇರಲಿಲ್ಲ. ಆ ಹಿಟ್ಟು ಆರಿದರೆ ಅಂಟು. ನಾರು ಸೇರಿದರೆ — ಗೋಡೆಗೆ ಮೆತ್ತಿದ ಕೆಸರಿನ ಹಾಗೆ.

ನಮ್ಮ ಮನೆ ಎತ್ತರದಲ್ಲಿದೆ, ಅವಳದು ತಗ್ಗಿನಲ್ಲಿ. ಗುಂಡಿ ಕಟ್ಟಿಕೊಂಡರೆ ನೀರು ತಗ್ಗು ಹುಡುಕುತ್ತದೆ. ಇದಕ್ಕೆ ಓದು ಬೇಕಿಲ್ಲ.

ಒಂದು ದಿನ, ಮಧ್ಯಾಹ್ನದ ಊಟದ ಹೊತ್ತು. ಜಯಮ್ಮ ಕೂಗಿಕೊಂಡಳು. ಓಡಿಹೋಗಿ ನೋಡಿದೆ. ಕಕ್ಕಸಿನ ಬಾಯಿಂದ ನೀರು ಉಕ್ಕಿ, ಬಚ್ಚಲು ತುಂಬಿ, ಅಡುಗೆಮನೆ ಹೊಸಿಲು ದಾಟಿ, ಊಟಕ್ಕೆ ಕೂತವರ ಕಾಲಡಿಗೆ ಬರುತ್ತಿತ್ತು. ಅದರ ಮೇಲೆ ಬೆಳ್ಳಗೆ ಮುದ್ದೆಮುದ್ದೆಯಾಗಿ ಹಿಟ್ಟು ತೇಲುತ್ತಿತ್ತು. ನನಗೆ ನೋಡಿದ ತಕ್ಷಣ ಗೊತ್ತಾಯಿತು.

ಒಬ್ಬ ಕಂಡಕ್ಟರು ಪ್ಯಾಂಟು ಮೇಲೆತ್ತಿಕೊಂಡು, "ಏನ್ ಜಯಕ್ಕಾ, ಇವತ್ತು ಸಾರು ನೆಲದ್ ಮ್ಯಾಲೇ ಬಡ್ಸ್‌ಬುಟ್ಟಾ?" ಎಂದ. ಎಲೆ ಬಿಟ್ಟು ಎದ್ದವರಲ್ಲಿ ನಾಲ್ಕು ಜನ ನಕ್ಕರು. ಜಯಮ್ಮ ಸೌಟು ಹಿಡಿದುಕೊಂಡೇ ನಿಂತಿದ್ದಳು.

ಪುರಸಭೆಯವರು ಬಂದರು. ಬೀದಿಯ ಕಡೆಯಿಂದ ಕಡ್ಡಿ ತೂರಿಸಿದರು, ಎಲ್ಲೋ ತಿರುವಿನಲ್ಲಿ ನಿಂತುಬಿಟ್ಟಿತು. ಅವರಲ್ಲಿ ವಯಸ್ಸಾದವನೊಬ್ಬ ನನ್ನ ಕಾಂಪೌಂಡಿನೊಳಗೆ ಇಣುಕಿದ.

"ಅವ್ವಾ, ನಡುವೆ ಇಲ್ಲೆಲ್ಲೋ ಒಂದು ಚೇಂಬರ್ ಇರ್ಬೇಕಲ್ವಾ?"

ನಾನು ತುಳಸಿಕಟ್ಟೆಯ ಪಕ್ಕದಲ್ಲೇ ನಿಂತಿದ್ದೆ. ಕೈ ಅದರ ಮೇಲಿತ್ತು. ತೆಗೆಯಬಹುದಿತ್ತು — ತೆಗೆಯಲಿಲ್ಲ.

"ಇಲ್ಲಿ ಯಾವ್ ಚೇಂಬರೂ ಇಲ್ಲ ಕಣಪ್ಪ," ಎಂದೆ.

"ತುಳಸಿ ಮುಟ್ಕಂಡು ಏಳ್ತಾವ್ಳೆ ಅವ್ವ, ಇನ್ನೇನ್ಲಾ ಕೇಳಾದು," ಎಂದು ಅವನು ಜೊತೆಯವನಿಗೆ ಹೇಳಿದ. ಆಮೇಲೆ, "ಮತ್ತೆ ಈ ಬೆಳ್ಳಗಿರೋದು ಏನವ್ವ?" ಎಂದು ಕೇಳಿದ.

ಅಲ್ಲಿಗಾದರೂ ಸುಮ್ಮನಿರಬಹುದಿತ್ತು.

"ಮೆಸ್ ಮಡಗವ್ಳಲ್ಲಪ್ಪ. ಮಿಕ್ಕಿದ್ ಅನ್ನ, ಗಂಜಿ, ಎಲ್ಲಾನೂ ಕಕ್ಕಸಿಗೇ ಸುರೀತಾಳೆ."

ಜಯಮ್ಮ ಬಾಗಿಲಲ್ಲೇ ಇದ್ದಳು. ಅವಳಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. "ಇಲ್ಲ ಗೌರಕ್ಕ, ಗಂಜಿನೆಲ್ಲ ನಾನು ದನಕ್ಕಲ್ವಾ ಉಯ್ಯಾದು? ನೀವೇ ನೋಡಿದ್ದೀರಲ್ಲ" ಎಂದಳು.

ನೋಡಿದ್ದೆ. ದಿನಾ ನೋಡಿದ್ದೆ. ನಾನು ಮುಖ ತಿರುಗಿಸಿಕೊಂಡೆ.

ಅವರು ಬೀದಿಯ ಕಡೆಯಿಂದ ನೀರು ಬಿಟ್ಟು, ಅಷ್ಟಿಷ್ಟು ಇಳಿಸಿ ಹೋದರು. ಸ್ವಲ್ಪ ದಿನಕ್ಕೆ ಮತ್ತೆ ಉಕ್ಕಿತು. ಮತ್ತೆ. ಅವಳ ಮೆಸ್ಸಿನಲ್ಲಿ ಉಂಡವರಿಗೆ ಹೊಟ್ಟೆ ಕೆಡುತ್ತದಂತೆ ಎಂದು ಯಾರೋ ಹೇಳಿದರು, ಯಾರೋ ನಂಬಿದರು. ಮನೆಯ ಮಾಲೀಕ ಹಾಸನದಿಂದ ಬಂದು ಬೀದಿಯಲ್ಲೇ ನಿಂತು ಕೂಗಾಡಿದ. "ನಿನ್ನಂಥೋಳಿಗೆ ಮನೆ ಕೊಟ್ನಲ್ಲ, ನನ್ನ ಮೆಟ್ಟಲ್ಲಿ ನಾನೇ ಒಡ್ಕಬೇಕು" ಎಂದ. ನಾನು ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡೆ. ಕಟ್ಟೆಯ ನಾಲ್ಕು ಕಲ್ಲು ಎತ್ತಿಸಿದ್ದರೆ ಮುಗಿಯುತ್ತಿತ್ತು. ಆದರೆ ಎತ್ತಿಸಿದರೆ, ಅವತ್ತು ಮುಟ್ಟಿಕೊಂಡು ಹೇಳಿದ್ದು ಸುಳ್ಳು ಎಂದು ಗೊತ್ತಾಗುತ್ತದಲ್ಲ — ಅಷ್ಟೇ. ಅಷ್ಟಕ್ಕೇ.

ಜಯಮ್ಮ ಮನೆ ಖಾಲಿ ಮಾಡಿ ಹೊಳೆನರಸೀಪುರಕ್ಕೆ ಹೋದಳು. ಯಾವುದೋ ಹಾಸ್ಟೆಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದಳು. ಸ್ವಂತ ಒಲೆ ಹಚ್ಚಿದ್ದವಳು ಇನ್ನೊಬ್ಬರ ಒಲೆಯ ಮುಂದೆ ನಿಂತಳು. ಮಗಳ ಓದು ಅಲ್ಲಿಗೇ ನಿಂತಿತು. ಆ ಹುಡುಗಿಯೂ ತಾಯಿಯ ಜೊತೆ ತರಕಾರಿ ಹೆಚ್ಚಲು ಹೋದಳಂತೆ.

ಇನ್ನೊಂದಿದೆ. ಅವಳು ಹೋದ ಮೇಲೆ, ವಾಸ್ತು ಸರಿಯಿಲ್ಲವಂತೆ ಎಂದು ಬೀದಿಗೆಲ್ಲ ಹೇಳಿ, ಬೇರೆ ಗಾರೆಯವನನ್ನು ಕರೆಸಿ ತುಳಸಿಯನ್ನು ಮೂಲೆಗೆ ಸರಿಸಿದೆ. ಮುಚ್ಚಳ ತೆಗೆಸಿದೆ. ಒಳಗೆ ನಾರೂ ಹಿಟ್ಟೂ ಹೆಣೆದುಕೊಂಡು ಚಾಪೆಯಾಗಿತ್ತು. ಜಯಮ್ಮ ಪಾತ್ರೆ ತಿಕ್ಕುತ್ತಿದ್ದದ್ದು ಅಂಗಡಿಯ ಸ್ಕ್ರಬ್ಬರಿನಲ್ಲಿ. ನಾರು ನನ್ನದು. ಹಿಟ್ಟು ನನ್ನದು. ಎಲ್ಲ ಎತ್ತಿಸಿ, ದೂರ ಸಾಗಿಸಿ, ನೀರು ಹರಿಸಿದೆ. ಪಕ್ಕಕ್ಕೆ ಹೊಸ ಬಾಡಿಗೆಯವರು ಬಂದರು. ಅವರಿಗೆ ಒಂದು ದಿನವೂ ತೊಂದರೆಯಾಗಲಿಲ್ಲ.

ಬೀದಿಯ ಹೆಂಗಸರು, "ನೋಡ್ದಾ ಗೌರಕ್ಕ, ಆವಮ್ಮ ಓದ್ಮ್ಯಾಲೆ ಎಂಗ್ ನೆಟ್ಟಗಾಯ್ತು" ಎಂದರು. ನಾನು ಹೂಂ ಎಂದೆ. ಮಾಡಿದ ತಪ್ಪನ್ನು ತಿದ್ದಿದೆ ನೋಡಿ — ಆ ತಿದ್ದಿದ್ದೇ ಅವಳ ಮೇಲಿನ ಸಾಕ್ಷಿಯಾಯಿತು.

ಈಗ ಬಚ್ಚಲಿಗೆ ಜಾಲರಿ ಹಾಕಿದ್ದೇನೆ. ಹಿಟ್ಟನ್ನು ಕೆರೆದು ಒಣಗಿಸಿ ತಿಪ್ಪೆಗೆ ಹಾಕುತ್ತೇನೆ. ಮಳೆಗೆ ಮೊದಲು ಮುಚ್ಚಳ ತೆಗೆಸಿ ನೋಡಿಸುತ್ತೇನೆ, ಪಕ್ಕದವರನ್ನೂ ಕರೆದು ತೋರಿಸುತ್ತೇನೆ. ಹೊಸದಾಗಿ ಮನೆ ಕಟ್ಟುವವರು ಸಿಕ್ಕರೆ ಹೇಳುತ್ತೇನೆ: ಚೇಂಬರಿನ ಮೇಲೆ ಏನನ್ನೂ ಕಟ್ಟಬೇಡಿ, ದೇವರನ್ನಂತೂ ಕಟ್ಟಲೇಬೇಡಿ. ನಗುತ್ತಾರೆ. ಯಾಕೆ ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಇದರಿಂದೆಲ್ಲ ಜಯಮ್ಮನಿಗೆ ಏನೂ ಉಪಯೋಗವಿಲ್ಲ. ಅವಳು ಈಗಲೂ ಹಬ್ಬಕ್ಕೆ ಫೋನು ಮಾಡುತ್ತಾಳೆ. "ನೀವೊಬ್ರೇ ಅಕ್ಕ ಆವತ್ತು ನನ್ ಕಡೆ ನಿಂತೋರು" ಅನ್ನುತ್ತಾಳೆ. ನಾನು ಆಡಿದ ಮಾತು ಅವಳ ಕಿವಿಗೆ ಬಿದ್ದಿತ್ತು, ಆದರೂ ಹೀಗನ್ನುತ್ತಾಳೆ. ಯಾಕೆಂದು ಹೇಳುತ್ತೇನೆ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಅವಳು ನನಗಿಂತ ಚೆನ್ನಾಗಿ ಓದುತ್ತಾಳೆ. ಇದನ್ನೂ ಓದಲಿ.

ಸುಳ್ಳು ಹೇಳಿದ ಮಾರನೇ ದಿನ ಬೆಳಿಗ್ಗೆ ನಾನು ಪೊರಕೆ, ಫಿನಾಯಿಲು, ಬ್ಲೀಚಿಂಗ್ ಪುಡಿ ಹಿಡಿದುಕೊಂಡು ಅವಳ ಮನೆಗೆ ಹೋದೆ. ಬೇರೆ ಯಾರೂ ಹೊಸಿಲ ಹತ್ತಿರವೂ ಬಂದಿರಲಿಲ್ಲ. ಅವಳು ಒಬ್ಬಳೇ ತಗಡಿನ ಡಬ್ಬದಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಸೆರಗು ಸಿಕ್ಕಿಸಿ ನಾನೂ ಇಳಿದೆ. ನೆಂದ ಅಕ್ಕಿ ಮೂಟೆ, ರಾಗಿಹಿಟ್ಟು, ಹುಡುಗಿಯ ಶಾಲೆ ಚೀಲ — ಎಲ್ಲ ಹೊರಗೆ ಹಾಕಿದೆವು. ಮೊಣಕಾಲೆತ್ತರಕ್ಕೆ ಗೋಡೆ ತಿಕ್ಕಿದೆವು. ನೆಲಕ್ಕೆ ಹತ್ತಿದ್ದ ಬಿಳಿ ಹಿಟ್ಟು ಪೊರಕೆಗೆ ಬರಲಿಲ್ಲ. ಕೂತು ಉಗುರಿನಲ್ಲಿ ಕೆರೆದೆ.

"ನಿನ್ನೆ ಅಂದದ್ದಕ್ಕೆ ನಂಗೆ ಬೇಜಾರಿಲ್ಲ ಕಣಕ್ಕ," ಎಂದಳು ಜಯಮ್ಮ. "ಗಾಬರೀಲಿ ಅಂದ್ಬುಟ್ರಿ. ಒಡಹುಟ್ಟಿದೋರೂ ಇಂಗೆ ಬರಾಕಿಲ್ಲ." ಕಾಲಿಗೆ ಬೀಳಲು ಬಗ್ಗಿದವಳು, ಕೈ ಹೊಲಸಾಗಿದೆ ಎಂದು ನನ್ನ ಪಾದ ಮುಟ್ಟದೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ನಾನು ಬೇಡ ಅನ್ನಲಿಲ್ಲ. ಒಲೆ ತೊಳೆದು ಹಚ್ಚಿ ಕಾಫಿ ಕಾಸಿ ಕೊಟ್ಟಳು. ಅಲ್ಲೇ ಮೆಟ್ಟಿಲ ಮೇಲೆ ಕೂತು ಕುಡಿದೆ. ಲೋಟ ತೊಳೆದಿಟ್ಟು, ಮನೆಗೆ ಬಂದು, ಸ್ನಾನ ಮಾಡಿ, ಸಂಡಿಗೆಗೆ ಎಸರಿಟ್ಟೆ.