ಪರದೆಯ ಎಡತುದಿಯಲ್ಲಿ ಅಣ್ಣ

ನನ್ನ ಅಣ್ಣ ಒಂದು ಕನ್ನಡ ಸಿನಿಮಾದಲ್ಲಿ ಇದ್ದಾನೆ. ನಟಿಸಿದ್ದಾನೆ ಎಂದರೆ ಆ ಕಲೆಗೆ ಅವಮಾನವಾದೀತು, ನಿಂತಿದ್ದಾನೆ. ಕೊಪ್ಪದ ಪೇಟೆಯಲ್ಲಿ ಶೂಟಿಂಗ್ ನಡೆದ ದಿನ, ನರಸಿಂಹರಾಜಪುರದ ನಮ್ಮ ಅಂಗಡಿಗೆ ಸಾಮಾನು ತರಲು ಹೋದವನು ರಸ್ತೆ ಬದಿಯ ಗುಂಪಿನಲ್ಲಿ ಸಿಕ್ಕಿಕೊಂಡ. ಬಸ್ಸು ಬಿಡುತ್ತಿರಲಿಲ್ಲ, ಜನ ಸರಿಯುತ್ತಿರಲಿಲ್ಲ, ನಾಯಕನ ಹೊಡೆದಾಟ ಮುಗಿಯುತ್ತಿರಲಿಲ್ಲ. ಸಂಜೆಯವರೆಗೆ ಅಲ್ಲೇ ನಿಂತು, ತನಗರಿವಿಲ್ಲದೆಯೇ ಚಿತ್ರರಂಗಕ್ಕೆ ತನ್ನ ಕಾಣಿಕೆ ಸಲ್ಲಿಸಿ ಮನೆಗೆ ಬಂದ.

ಸಿನಿಮಾ ನಮ್ಮೂರ ಟಾಕೀಸಿಗೆ ಬಂದಾಗ ಮನೆಮಂದಿಯೆಲ್ಲ ಹೋದೆವು. ನಮ್ಮ ಮನೆಯವರು ಯಾವ ಸಿನಿಮಾಕ್ಕೂ ಸಮಯಕ್ಕೆ ಸರಿಯಾಗಿ ಹೋದ ಇತಿಹಾಸವಿಲ್ಲ, ಅಂದೂ ಹೋಗಲಿಲ್ಲ. ಅದು ಸ್ಕೋಪ್ ಚಿತ್ರ. ಪರದೆ ಈ ಗೋಡೆಯಿಂದ ಆ ಗೋಡೆಯವರೆಗೆ ಹರಡಿತ್ತು. ಹೊಡೆದಾಟ ಬಂದಾಗ ಎಡತುದಿಯಲ್ಲಿ ಅಣ್ಣ ಕಂಡ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನಾಯಕನನ್ನು ಬಿಟ್ಟು ನೇರ ನಮ್ಮನ್ನೇ ನೋಡುತ್ತಿದ್ದ. ಶೂಟಿಂಗಿಗೆ ತುಸು ಮುಂಚೆಯಷ್ಟೇ ಮದುವೆಯಾಗಿ ಬಂದಿದ್ದ ಅತ್ತಿಗೆ ತಲೆ ತಗ್ಗಿಸಿ ನಕ್ಕರು. ಅಣ್ಣ ಮಾತ್ರ ಹಿರಿಯ ಕಲಾವಿದನ ಗಾಂಭೀರ್ಯದಿಂದ ಕುಳಿತು, ತನ್ನ ಪಾತ್ರವನ್ನು ಇನ್ನೂ ಬೆಳೆಸಬಹುದಿತ್ತು ಎಂದು ಅಭಿಪ್ರಾಯಪಟ್ಟ.

ಕೆಲವೇ ವರ್ಷಗಳಲ್ಲಿ ಅವನು ಮಂಗನ ಕಾಯಿಲೆಯಿಂದ ಸತ್ತ. ಜ್ವರ ಎಂದು ಮಲಗಿದವನು ಏಳಲಿಲ್ಲ.

ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕುಳ್ಳಿರಿಸುತ್ತೇವೆ. ಫೋಟೋ ತೆಗೆಸುವುದೂ ಆಗಲೇ. ಬದುಕಿದ್ದಾಗ ಸ್ಟುಡಿಯೋಕ್ಕೆ ಹೋಗಲು ಪುರುಸೊತ್ತಿಲ್ಲದವರು ಅಂದು ಮಾತ್ರ ಅಲ್ಲಾಡದೆ ಕೂರುತ್ತಾರೆ. ಮದುವೆಯ ರೀಲಿಗೆ ಬೆಳಕು ಹೊಕ್ಕು ಹಾಳಾಗಿದ್ದರಿಂದ, ಅಣ್ಣನದೆಂದು ನಮಗೆ ಉಳಿದದ್ದು ಆ ಒಂದೇ ಫೋಟೋ. ಶಿವಗಣಾರಾಧನೆಯ ದಿನ ಕಣ್ಣು ಮುಚ್ಚಿದ ಫೋಟೋಕ್ಕೆ ಹಾರ ಹಾಕುವುದು ಚೆನ್ನಲ್ಲ ಎಂದು ಹಿರಿಯರು ತೀರ್ಮಾನಿಸಿ, ಸ್ಟುಡಿಯೋದವರಿಂದ ಅದರ ಮೇಲೆ ತೆರೆದ ಕಣ್ಣು ಬರೆಸಿದರು. ಆಗ ಅದೇ ರೂಢಿ. ಆ ಕಲಾವಿದರ ಕೈಯಲ್ಲಿದ್ದದ್ದು ಒಂದೇ ನಮೂನೆಯ ಕಣ್ಣು: ದೊಡ್ಡದು, ದುಂಡನೆಯದು, ಏನನ್ನೋ ಕಂಡು ಬೆಚ್ಚಿದ್ದು. ಪೇಟೆಯ ಎಷ್ಟೋ ಮನೆಗಳ ಗೋಡೆಯಿಂದ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಅದೇ ಕಣ್ಣುಗಳು ನೋಡುತ್ತಿದ್ದವು. ಅಣ್ಣನ ಕಣ್ಣು ಸಣ್ಣವು. ನಕ್ಕರೆ ಇದ್ದದ್ದೂ ಕಾಣುತ್ತಿರಲಿಲ್ಲ.

ಅತ್ತಿಗೆ ಆ ಫೋಟೋಕ್ಕೆ ದಿನವೂ ವಿಭೂತಿ ಹಚ್ಚಿ ಕೈಮುಗಿದರು. ಅಂಗಡಿ ನಾನು ನೋಡಿಕೊಂಡೆ. ವರ್ಷಗಳು ಹೋದವು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳುವ ದನಿಯಲ್ಲೇ ಅವರು ಹೇಳಿದರು:

"ಕಣ್ಣು ಮುಚ್ಚಿದ್ರೆ ಆ ಫೋಟೋದ ಕಣ್ಣೇ ಬರುತ್ತೆ ಮಾರಾಯ. ನಿನ್ನ ಅಣ್ಣಂದು ಬರೋದಿಲ್ಲ. ಆ ಸಿನಿಮಾ ಎಲ್ಲಾದ್ರೂ ಸಿಗುತ್ತಾ ನೋಡು. ಪೂರ್ತಿ ಮರೆಯೋದ್ರೊಳಗೆ ಒಂದು ಸಲ ನೋಡ್ಬೇಕು."

ಇಷ್ಟು ವರ್ಷದಲ್ಲಿ ಅತ್ತಿಗೆ ನನ್ನಲ್ಲಿ ಕೇಳಿದ್ದು ಇದೊಂದನ್ನೇ. ಶೃಂಗೇರಿಯಲ್ಲಿ ಹಳೆಯ ಸಿ.ಡಿ.ಗಳನ್ನು ಇನ್ನೂ ಮಾರುವ ಅಂಗಡಿಯೊಂದಿತ್ತು. ಅಲ್ಲಿ ಸಿಕ್ಕಿತು. ಹೊದಿಕೆಯ ಮೇಲೆ 'ಫುಲ್ ಸ್ಕ್ರೀನ್' ಎಂದು ಹೆಮ್ಮೆಯಿಂದ ಅಚ್ಚು ಹಾಕಿದ್ದರು. ಟಿವಿಗೆ ಹಾಕಿ, ಸೀದಾ ಹೊಡೆದಾಟಕ್ಕೆ ಓಡಿಸಿದೆವು. ಅಣ್ಣ ಇರಲಿಲ್ಲ. ಹಿಂದೆ ಮುಂದೆ ಮಾಡಿ ನೋಡಿದರೂ ಇಲ್ಲ. ಅವನ ಪಕ್ಕ ನಿಂತಿದ್ದ ಬುಟ್ಟಿಯ ಹೆಂಗಸು ಅರ್ಧ ಇದ್ದಳು, ಅಲ್ಲಿಗೆ ಲೋಕ ಮುಗಿದಿತ್ತು.

ಆಮೇಲೆ ಗೊತ್ತಾಯಿತು. ಟಾಕೀಸಿನ ಪರದೆ ಅಗಲ, ಮನೆಯ ಹಳೆಯ ಟಿವಿ ಹೆಚ್ಚುಕಡಿಮೆ ಚೌಕ. ಇಡೀ ಚಿತ್ರವನ್ನು ತೋರಿಸಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿಯುತ್ತದೆ. ಕೊಟ್ಟ ದುಡ್ಡಿಗೆ ಅರ್ಧ ಟಿವಿ ಖಾಲಿ ಎಂದು ಗಿರಾಕಿ ಗೊಣಗುತ್ತಾನೆ. ಅದಕ್ಕೆ ಕಂಪನಿಯವರು ಎರಡೂ ಬದಿ ಕತ್ತರಿಸಿ, ನಡುವಿನ ತುಂಡನ್ನು ಹಿಗ್ಗಿಸಿ ತುಂಬಿಸಿದ್ದರು. ಇಬ್ಬರು ಎದುರುಬದುರು ನಿಂತು ಮಾತಾಡುವ ಕಡೆ ಎರಡು ಮೂಗುಗಳು ಮಾತ್ರ ಉಳಿದು, ಒಂದು ಮೂಗು ಇನ್ನೊಂದಕ್ಕೆ ಪ್ರೇಮ ನಿವೇದಿಸುತ್ತಿತ್ತು.

ಹೊದಿಕೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಯಾರೋ ಎತ್ತಿಕೊಂಡರು. ನಮ್ಮವರೊಬ್ಬರು ಬಿಟ್ಟುಹೋಗಿದ್ದಾರೆ ಎಂದೆ. ಯಾವ ಪಾತ್ರ ಎಂದು ಕೇಳಿದರು. ನಿಂತವರ ಪಾತ್ರ ಎಂದೆ. ಆತ ಸಜ್ಜನ, ತಾಳ್ಮೆಯಿಂದಲೇ ಸಮಾಧಾನ ಹೇಳಿದ: "ಹೀರೋ ಪೂರ್ತಿ ಬರ್ತಾರಲ್ಲ ಸಾರ್." ಹಳೆಯ ಪ್ರಿಂಟು ಎಲ್ಲಿದೆ ಎಂಬುದಕ್ಕೆ, ಅದು ಎಂದೋ ಹಾಳಾಗಿ ಹೋಯಿತೆಂಬ ಉತ್ತರ ಬಂತು.

ಆಮೇಲೆ ನಮ್ಮ ಮನೆಗೂ ಅಗಲದ ಟಿವಿ ಬಂತು. ಅದೇ ಚಿತ್ರ 'ಹೊಸ ಹೊಳಪಿನಲ್ಲಿ' ನೆಟ್ಟಿಗೂ ಬಂತು. ಹೊಸ ಟಿವಿಯ ಅಳತೆಗೆ ಮತ್ತೆ ಕತ್ತರಿಸಿದ್ದರು. ಈ ಸಲ ಸ್ವಲ್ಪ ದಯೆಯಿಂದ. ಬುಟ್ಟಿಯ ಹೆಂಗಸು ಪೂರ್ತಿಯಾದಳು. ಅವಳಾಚೆ ಒಂದು ಮೊಣಕೈ ಬಂತು. ಅಣ್ಣನದೇ. ಅತ್ತಿಗೆ ಅಲ್ಲಿಗೇ ನಿಲ್ಲಿಸು ಎಂದರು. ನಿಲ್ಲಿಸಿದೆ. ಆ ಮೊಣಕೈಯ ಎದುರು ಸುಮಾರು ಹೊತ್ತು ಕೂತೆವು. ಅಡುಗೆಮನೆಯಲ್ಲಿ ಹಾಲು ಉಕ್ಕಿದ ಮೇಲೆ ಅವರು ಎದ್ದು ಹೋದರು. ಅದರ ನಂತರ ಸಿನಿಮಾದ ಮಾತು ಎತ್ತಲಿಲ್ಲ.

ನಾನೊಬ್ಬನೇ ಆಗಾಗ ಶೃಂಗೇರಿಯ ಸಿ.ಡಿ. ಹಾಕಿ ನೋಡುತ್ತಿದ್ದೆ. ಒಂದು ದಿನ ರಿಮೋಟಿನ ಸೆಲ್ಲು ಮುಗಿದಿತ್ತು, ಮುಂದೆ ಓಡಿಸಲಾಗಲಿಲ್ಲ. ಚಿತ್ರವನ್ನು ಮೊದಲಿನಿಂದ ನೋಡಬೇಕಾಯಿತು. ಆರಂಭದಲ್ಲಿ ಹೆಸರುಗಳು ಬರುವಾಗ ಹಿಂದೆ ಕೊಪ್ಪದ ಪೇಟೆ. ಆದರೆ ಬೀದಿಯ ಜನರೆಲ್ಲ ಬರಗಾಲದಿಂದ ಬಂದವರಂತೆ ಉದ್ದಕ್ಕೆ, ತೆಳ್ಳಗೆ ಇದ್ದರು. ಒಂದು ಬಸ್ಸು ಬೀರುವಿನ ಆಕಾರದಲ್ಲಿ ಹಾದುಹೋಯಿತು. ನೋಡುತ್ತ ನೋಡುತ್ತ ವಿಷಯ ಹೊಳೆಯಿತು. ಇಲ್ಲಿ ಕತ್ತರಿಸಿರಲಿಲ್ಲ, ಅಗಲದ ಚಿತ್ರವನ್ನು ಹಾಗೇ ಅಮುಕಿ ತುಂಬಿದ್ದರು. ಬದಿ ಕತ್ತರಿಸಿದರೆ ಹೆಸರುಗಳ ಅಕ್ಷರ ಹೋಗುತ್ತದೆ. ಹೆಸರು ಹೋದರೆ ಜಗಳಕ್ಕೆ ಬರುವವರಿದ್ದಾರೆ, ಮನುಷ್ಯ ಹೋದರೆ ಯಾರು ಬರುತ್ತಾರೆ?

ವಸ್ತ್ರಾಲಂಕಾರದವರ ಹೆಸರು ಬಂದಾಗ ಎಡತುದಿಯಲ್ಲಿ ಅಣ್ಣ ನಿಂತಿದ್ದ. ಬಿದಿರು ಗಳುವಿನಷ್ಟು ಸಪೂರ. ಆದರೆ ತಲೆಯಿಂದ ಮೊಣಕಾಲಿನವರೆಗೂ ಇದ್ದ.

ಸಿ.ಡಿ. ತೆಗೆದುಕೊಂಡು ಕೊಪ್ಪಕ್ಕೆ ಹೋದೆ. ಅಲ್ಲಿನ ಸ್ಟುಡಿಯೋದವರು ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಎರಡೂ ಬದಿಗೆ ಎಳೆದರು. ಬಸ್ಸು ಬಸ್ಸಾಯಿತು, ಜನ ಊಟ ಮಾಡಿದವರಂತಾದರು, ಅಣ್ಣ ನನ್ನ ಅಣ್ಣನಾದ. ಬಿಸಿಲಿಗೆ ಅದೇ ಸಣ್ಣ ಕಣ್ಣು. ಸ್ವಲ್ಪ ಮಸುಕಾಗಿದೆ, ಎ.ಐ. ಹಾಕಿ ಕಣ್ಣು ಕ್ಲಿಯರ್ ಮಾಡಿಕೊಡಲೇ ಎಂದು ಅವರು ಕೇಳಿದರು. ಬೇಡವೆಂದೆ. ಒಂದೇ ಮುಖಕ್ಕೆ ಎಷ್ಟು ಸಲ ಕಣ್ಣು ಬರೆಸುವುದು? ಎದೆಯ ಮೇಲೆ ಬಿದ್ದಿದ್ದ ಹೆಸರಿನ ಅಕ್ಷರಗಳನ್ನು ಮಾತ್ರ ತೆಗೆಸಿ, ಪ್ರಿಂಟು ಹಾಕಿಸಿಕೊಂಡು ಬಸ್ಸು ಹತ್ತಿದೆ.

ಅತ್ತಿಗೆ ಅಂಗಳದಲ್ಲಿ ಮೆಣಸು ಹರಡುತ್ತಿದ್ದರು. ಕೈ ತೊಳೆದುಕೊಂಡು ಬಂದು, ಜಗಲಿಯ ಬೆಳಕಿಗೆ ಫೋಟೋ ಹಿಡಿದರು. ಹಿಡಿದೇ ಇದ್ದರು. ಅಳುತ್ತಾರೆಂದು ನಾನು ರಸ್ತೆಯ ಕಡೆ ತಿರುಗಿ ಕೂತೆ. ಅಳಲಿಲ್ಲ.

"ಅಂಗಿ ಗೊತ್ತಾಗುತ್ತೆ," ಎಂದರು. "ಆ ಕಿಸೆ ನಾನೇ ಹೊಲಿದಿದ್ದು."

"ಮುಖ?"

ಅವರು ಫೋಟೋವನ್ನು ಹತ್ತಿರ ತಂದರು, ದೂರ ಹಿಡಿದರು. ಮಗ್ಗುಲಿಗೆ ಓರೆ ಮಾಡಿದರು.

"ಗೊತ್ತಾಗ್ತಾ ಇಲ್ಲ ಮಾರಾಯ. ಯಾರೋ ಅನ್ನಿಸ್ತದೆ."

ಆ ಮುಖವನ್ನು ನೋಡಿ ಇವನೇ ಎಂದು ಹೇಳಬಲ್ಲವನು ಈಗ ಈ ಊರಿನಲ್ಲಿ ನಾನೊಬ್ಬನೇ ಉಳಿದಿದ್ದೇನೆಂದು ಆಗ ತಿಳಿಯಿತು.

"ನೀನು ಅವ್ರೇ ಅಂತೀಯಲ್ಲ?" ಎಂದು ಕೇಳಿದರು.

"ಹೌದು ಅತ್ತಿಗೆ. ಅಣ್ಣನೇ."

"ಹಂಗಾದ್ರೆ ಅವ್ರೇ ಇರ್ಬೇಕು."

ನನ್ನ ಮನಸ್ಸು ನೋಯಬಾರದೆಂದು ಹೇಳಿದ ಮಾತು ಅದು. ಮತ್ತೊಮ್ಮೆ ಫೋಟೋ ನೋಡಿದರು. ಆ ಸಣ್ಣ ಕಣ್ಣಿನ ಗಂಡಸು ಅವರನ್ನೇ ದಿಟ್ಟಿಸುತ್ತಿದ್ದ. ಅತ್ತಿಗೆ, ಗುರುತಿಲ್ಲದವರು ಜಗಲಿಗೆ ಬಂದರೆ ಮಾಡುವಂತೆ, ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು.