ಸ್ಪೀಕರ್ ಹಚ್ಚಿ ಮಾತಾಡಿದ ಏಜೆಂಟ್‌ಬಾಯಿ

ಆಕೆಯ ಎಡಗೈಯಲ್ಲಿ ಬಳೆ ಇರಲಿಲ್ಲ. ಮಣಿಕಟ್ಟಿನಿಂದ ಮೇಲಕ್ಕೆ ಬರೀ ರಬ್ಬರ್ ಬ್ಯಾಂಡು, ಕೆಂಪು, ಹಳದಿ. ಚಿತ್ರದ ಹಾಳೆ ಸುರುಳಿ ಸುತ್ತಿ, ಕೈಯಿಂದ ಒಂದು ಕಳಚಿ ಅದಕ್ಕೆ ಹಾಕುತ್ತಿದ್ದಳು. ಚರ್ಮದ ಮೇಲೆ ಗೆರೆ ಬಿದ್ದಿದ್ದವು.

ನಾನು ರಾಜೂರಿನ ಅಂಗನವಾಡಿಯಲ್ಲಿ ಆಯಾ ಆಗಿದ್ದೆ. ಕಲಿತದ್ದು ಎರಡನೇ ಇಯತ್ತೆ. ಹುಡುಗರು ಅಳಬಾರದೆಂದು ಗೋಡೆಯ ಮೇಲೆ ಇದ್ದಿಲು, ಕೆಮ್ಮಣ್ಣಿನಿಂದ ಎಮ್ಮೆಯ ಚಿತ್ರ ತೆಗೆಯುತ್ತಿದ್ದೆ. ಅದರ ಫೋಟೊ ಯಾರೋ ಈಕೆಗೆ ಕಳಿಸಿದ್ದರಂತೆ. ರೋಣದಲ್ಲಿ ಬಸ್ಸು ಬದಲಿಸಿ ಈಕೆ ಬಂದಳು. ಮಕ್ಕಳ ಪುಸ್ತಕ ಬರೆಯುವವರ, ಚಿತ್ರ ತೆಗೆಯುವವರ ಪರವಾಗಿ ಪ್ರಕಾಶಕರ ಹತ್ತಿರ ಮಾತಾಡುವುದು ತನ್ನ ಕೆಲಸ ಎಂದಳು.

"ಅಂದ್ರ ದಲಾಲಿ," ಅಂದೆ.

"ಹೌದ್ರಿ ದೊಡ್ಡವ್ವಾರ, ದಲಾಲೀನ."

ದಲಾಲಿಗಳನ್ನು ನಾನು ಬಲ್ಲೆ. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ವ್ಯಾಪಾರ ಮುಗಿಸುತ್ತಾರೆ. ಎತ್ತಿನ ಹಗ್ಗ ಹಿಡಿದು ನಿಂತ ನಮ್ಮಪ್ಪನಿಗೆ ಏನೂ ತಿಳಿಯುತ್ತಿರಲಿಲ್ಲ. ಅದನ್ನೇ ಹೇಳಿದೆ. ಆಕೆ ಫೋನನ್ನು ಬೀಸುಕಲ್ಲಿನ ಮೇಲಿಟ್ಟು ಸ್ಪೀಕರ್ ಹಚ್ಚಿದಳು.

"ನನ್ನ ಕಡೆ ಟವೆಲ್ ಇಲ್ರಿ. ನಿಮ್ಮ ಮುಂದನ ಮಾತಾಡ್ತೀನಿ. ತಿಳೀಲಿಲ್ಲಂದ್ರ ನಿಂದರಸ್ರಿ."

ಮುಂದೆಯೂ ಹಾಗೇ ನಡೆಸಿದಳು. ಕರಾರಿನ ಕಾಗದ ಬಂದರೆ ಸಾಲು ಸಾಲು ಓದಿ, "ಏನ್ ತಿಳೀತು ಹೇಳ್ರಿ" ಅನ್ನುವಳು. ನಾನು ತಪ್ಪಿದರೆ ಮತ್ತೆ ಮೊದಲಿಂದ. ರೊಟ್ಟಿ ಬಡಿಯುತ್ತ ಉತ್ತರ ಕೊಡಬೇಕು. ತಲೆ ತಿನ್ನುವ ಹೆಂಗಸು.

ಯಾರೋ ಬರೆದ, ಎಮ್ಮೆಯೊಂದು ಶಾಲೆಗೆ ಬರುವ ಕಥೆಗೆ ಹನ್ನೆರಡು ಚಿತ್ರ ತೆಗೆದುಕೊಟ್ಟೆ. ಒಬ್ಬ ಪ್ರಕಾಶಕ ಒಪ್ಪಿದ. ಮುಖಪುಟದಲ್ಲಿ ಕಥೆ ಬರೆದವನ ಹೆಸರು ಸಾಕು, ಚಿತ್ರಕ್ಕೆ 'ಹಳ್ಳಿಯ ಗೋಡೆಚಿತ್ರ' ಅಂತ ಹಾಕಿದರೆ ಚೆಂದ ಅಂದ.

"ಗ್ವಾಡಿ ತಾನಽ ಚಿತ್ರಾ ತಗದಿಲ್ರಿ," ಅಂದಳು ಆಕೆ. "ಹೆಸರು ಇಲ್ಲಂದ್ರ ಎಮ್ಮಿ ಇಲ್ರಿ."

ಆತ ಫೋನ್ ಇಟ್ಟ. ಪುಸ್ತಕ ಹೋಯಿತು.

ನನಗೆ ಸಿಟ್ಟು ಬಂತು. ಅಂಗನವಾಡಿಗೆ ಆ ವರ್ಷ ಹೊಸ ಬಣ್ಣ ಹೊಡೆದು ಎಮ್ಮೆಗಳೆಲ್ಲ ಮುಚ್ಚಿಹೋಗಿದ್ದವು. ಉಳಿದರೆ ಪುಸ್ತಕದಲ್ಲೇ ಉಳಿಯಬೇಕಿತ್ತು. ಹೆಸರು ಕಟ್ಟಿಕೊಂಡು ನಾನೇನು ಮಾಡಲಿ?

"ನಿನ್ನ ಸೊಕ್ಕಿಗೆ ನನ್ನ ಪುಸ್ತಕ ಹಾಳಾತು. ಇನ್ನ ಈ ಕಡೆ ಬರಬ್ಯಾಡ," ಅಂದೆ.

"ಬೈರಿ. ಹಾಳಿ ಮಾತ್ರ ಒಲಿಗೆ ಹಾಕಬ್ಯಾಡ್ರಿ," ಅಂದು, ಸುರುಳಿಗೆ ಎರಡು ಬ್ಯಾಂಡು ಹಾಕಿ ನನ್ನ ಟ್ರಂಕಿನಲ್ಲಿಟ್ಟು ಹೋದಳು.

ಮರುವರ್ಷ ಬೇರೆ ಪ್ರಕಾಶಕರನ್ನು ಹುಡುಕಿ ತಂದಳು. ಪುಸ್ತಕ ಬಂತು; ಕಥೆ ಬರೆದವನ ಹೆಸರಿನಷ್ಟೇ ದಪ್ಪಗೆ ನನ್ನ ಹೆಸರೂ ಇತ್ತು. ಹುಡುಗರು ಎಮ್ಮೆ ನೋಡಿಯೇ "ಇದು ಆಯಾಂದು" ಅಂದವು. ಓದಲು ಬರುವ ಅವರ ಅವ್ವಂದಿರಿಗೆ ಹೆಸರು ಬೇಕಾಯಿತು.

ಹೋದ ಚಳಿಗಾಲ ಆಕೆ ಎದೆನೋವಿನಿಂದ ದವಾಖಾನೆಯಲ್ಲಿ ತೀರಿದಳು. ನನಗೆ ತಿಳಿದದ್ದು ಮೂರು ದಿನದ ಮೇಲೆ. ಮಣ್ಣಿಗೆ ಹೋಗಲಾಗಲಿಲ್ಲ. ಅಳಲೂ ಇಲ್ಲ. ಆಕೆಗೆ ಒಂದು ಚಲೋ ಮಾತು ಆಡಿರಲಿಲ್ಲ, ಅದು ಖರೆ.

ಮೊನ್ನೆ ಮತ್ತೊಬ್ಬ ಪ್ರಕಾಶಕ ಫೋನ್ ಮಾಡಿದ. ಎರಡನೇ ಪುಸ್ತಕಕ್ಕೆಂದು ನಾನು ತೆಗೆದಿಟ್ಟ ಆಡಿನ ಚಿತ್ರಗಳು ಬೇಕಂತೆ. "ಕಾಗದ ಕಳಿಸಿದ್ದೀನಿ ಅಜ್ಜಿ, ಸಹಿ ಮಾಡಿಬಿಡಿ," ಅಂದ.

ಸ್ಪೀಕರ್ ಹಚ್ಚಿ ಬೀಸುಕಲ್ಲಿನ ಮೇಲಿಟ್ಟೆ. "ಮೊದಲ ಓದ್ರಿ."

ಓದಿದ. ಆರನೇ ಸಾಲಿಗೆ ನಿಲ್ಲಿಸಿದೆ. ಚಿತ್ರ ತೆಗೆದವರ ಹೆಸರು ಹಾಕುವುದು, ಬಿಡುವುದು ಪ್ರಕಾಶಕರ ಮರ್ಜಿಯಂತೆ.

"ಹೆಸರು ಇಲ್ಲಂದ್ರ ಆಡು ಇಲ್ರಿ," ಅಂದೆ.

ಆತ ಫೋನ್ ಇಟ್ಟ. ನಾನು ಆಡಿನ ಹಾಳೆಗಳನ್ನು ಸುರುಳಿ ಸುತ್ತಿ, ಎರಡು ಬ್ಯಾಂಡು ಹಾಕಿ, ಟ್ರಂಕಿನಲ್ಲಿಟ್ಟೆ.